ಕಡಲಾಚೆಯ ವ್ಯಾಸಂಗ: ವೀಸಾ ಬೇರೆ, ಸ್ಥಿತಿ ಬೇರೆ

ಹಿಂದೆ ನಮ್ಮ ನಾಡಿನ ಅನೇಕ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಏರ್ಪಾಡಿಗೆ ಬರೆದಿಟ್ಟ ಕಾನೂನೇನೂ ಇರಲಿಲ್ಲ. ಆದರೆ ಹುಡುಗನಿಗೂ ಮನೆಯವರಿಗೂ ತಿಳಿದಿದ್ದ ಎರಡು ಕಟ್ಟಳೆಗಳು ಇದ್ದವು. ಮೊದಲನೆಯದು, ಹುಡುಗ ಓದುತ್ತಿರಬೇಕು. ಓದು ಬಿಟ್ಟ ದಿನ ಅನ್ನದ ಋಣವೂ ತೀರಿದಂತೆಯೇ. ಎರಡನೆಯದು, ಬರಲಾಗದಿದ್ದರೆ ಮುಂಚಿತವಾಗಿ ಹೇಳಬೇಕು. ಎಲೆ ಹಾಕಿ ಕಾದ ಮೇಲೆ ಹೇಳುವ ಕಾರಣ, ಎಷ್ಟೇ ನಿಜವಾಗಿದ್ದರೂ, ಯಾರಿಗೂ ರುಚಿಸದು.

ಇಂದು ಅದೇ ಎರಡು ಕಟ್ಟಳೆಗಳು ಕಾನೂನಿನ ರೂಪ ತಾಳಿ, ಅಮೆರಿಕಕ್ಕೆ ಓದಲು ಹೋಗುವ ನಮ್ಮ ಮಕ್ಕಳ ಮುಂದೆ ನಿಂತಿವೆ. 2023–24ನೆಯ ಶೈಕ್ಷಣಿಕ ವರ್ಷದ ಗಣತಿಯಲ್ಲಿ ಆ ದೇಶದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಬೇರೆ ಯಾವ ದೇಶದವರೂ ಅಷ್ಟು ಮಂದಿ ಇರಲಿಲ್ಲ. ಹೊರಟಿರುವವರು ನೀವೇ ಆಗಿರಬಹುದು, ನಿಮ್ಮ ಮಗನೋ ಮಗಳೋ ಆಗಿರಬಹುದು. ವೀಸಾ ದೊರೆತ ದಿನ ಮನೆಯಲ್ಲಿ ಸಿಹಿ ಹಂಚುತ್ತೇವೆ. ಕಷ್ಟದ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ವಾಸ್ತವವಾಗಿ ಆಗ ಮುಗಿದಿರುವುದು ಬಾಗಿಲು ದಾಟುವ ಕೆಲಸ ಮಾತ್ರ. ಒಳಗೆ ಇರುವ ಹಕ್ಕನ್ನು ಉಳಿಸಿಕೊಳ್ಳುವುದು ಬೇರೆಯೇ ಒಂದು ಕೆಲಸ.

ಈ ಭೇದವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ನಿಮ್ಮ ಪಾಸ್‌ಪೋರ್ಟಿನಲ್ಲಿ ಅಂಟಿಸುವ ಎಫ್-1 ವೀಸಾ ಎಂಬುದು ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೇಳಲು ಕೊಟ್ಟ ಅನುಮತಿ. ಒಳಗೆ ಹೋದ ಮೇಲೆ ನಿಮಗಿರುವುದು ‘ಸ್ಟೇಟಸ್’. ನಾವು ಅದನ್ನು ವಿದ್ಯಾರ್ಥಿ ಸ್ಥಿತಿ ಎನ್ನೋಣ. ನೀವು ಅಲ್ಲಿ ಓದುತ್ತಿರುವಾಗಲೇ ವೀಸಾದ ಅವಧಿ ಮುಗಿದರೂ ಸ್ಥಿತಿಗೆ ಭಂಗವಿಲ್ಲ. ಹೊರದೇಶಕ್ಕೆ ಹೋಗಿ ಮತ್ತೆ ಒಳಬರುವಾಗ ಸಾಮಾನ್ಯವಾಗಿ ಹೊಸ ವೀಸಾ ಬೇಕಾಗುತ್ತದೆ, ಅಷ್ಟೆ. ಆದರೆ ವೀಸಾಕ್ಕೆ ಇನ್ನೂ ನಾಲ್ಕು ವರ್ಷ ಆಯುಸ್ಸಿದ್ದರೂ, ನೀವು ತರಗತಿಗೆ ಹೋಗುವುದನ್ನು ನಿಲ್ಲಿಸಿದರೆ ಸ್ಥಿತಿ ಹೋಯಿತು. ಮೊದಲನೆಯದನ್ನು ತಿಳಿಯದವರು ವೃಥಾ ಹೆದರುತ್ತಾರೆ. ಎರಡನೆಯದನ್ನು ತಿಳಿಯದವರು ವೃಥಾ ಧೈರ್ಯದಿಂದಿರುತ್ತಾರೆ. ಎರಡನೆಯವರಿಗೇ ಅಪಾಯ ಹೆಚ್ಚು.

ಸ್ಥಿತಿಗೆ ಆಧಾರವಾದ ಪತ್ರಗಳು ಎರಡು. ವಿಶ್ವವಿದ್ಯಾನಿಲಯ ಕೊಡುವ ಐ-20 ಎಂಬ ನಮೂನೆಯಲ್ಲಿ ನಿಮ್ಮ ವ್ಯಾಸಂಗದ ವಿಷಯ, ಆರಂಭದ ದಿನ, ಮುಕ್ತಾಯದ ದಿನ ಇರುತ್ತವೆ. ಆರಂಭದ ದಿನಕ್ಕೆ 30 ದಿನಗಳಿಗಿಂತ ಮುಂಚೆ ಹೊಸ ವಿದ್ಯಾರ್ಥಿಗೆ ಪ್ರವೇಶವಿಲ್ಲ. ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಒಳಬಿಟ್ಟಾಗ ಹುಟ್ಟುವ ದಾಖಲೆ ಐ-94. ಎಷ್ಟು ಕಾಲ ಇರಬಹುದೆಂಬುದು ಅದರಲ್ಲಿರುತ್ತದೆ. ಇಳಿದ ವಾರದಲ್ಲಿಯೇ ಅದನ್ನು ಗಣಕಯಂತ್ರದಿಂದ ತೆಗೆದು, ಹೆಸರು, ಜನ್ಮದಿನ, ವರ್ಗ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳುವುದು ಸುಲಭ.

ಇವೆಲ್ಲವೂ 2003ರಿಂದ ‘ಸೆವಿಸ್’ ಎಂಬ ಕೇಂದ್ರ ದಾಖಲೆಗೆ ಸೇರಿವೆ. ಪ್ರತಿ ವಿದ್ಯಾಲಯದಲ್ಲಿಯೂ ಅದನ್ನು ನಡೆಸಲು ನೇಮಕಗೊಂಡ ಅಧಿಕಾರಿ ಒಬ್ಬರಾದರೂ ಇರುತ್ತಾರೆ; ಅವರನ್ನು ಡಿ.ಎಸ್.ಓ. ಎಂದು ಕರೆಯುತ್ತಾರೆ. ಪರದೇಶದಲ್ಲಿ ನಿಮಗೆ ಮೊದಲು ಪರಿಚಯವಾಗಬೇಕಾದವರು ಅವರು. ನಮ್ಮಲ್ಲಿ ಕಚೇರಿಯೆಂದರೆ ಕಷ್ಟ ಬಂದಾಗ ಹೋಗುವ ಸ್ಥಳ ಎಂಬ ಭಾವನೆಯುಂಟು. ಅಲ್ಲಿ ಈ ಭಾವನೆಯನ್ನು ಬಿಡಬೇಕು. ಕಷ್ಟ ಬರುವ ಮುನ್ನ ಹೋದರೆ ಆ ಅಧಿಕಾರಿಯ ಕೈಯಲ್ಲಿ ಅನೇಕ ಪರಿಹಾರಗಳಿರುತ್ತವೆ. ಬಂದ ಮೇಲೆ ಹೋದರೆ ಅವರ ಕೈ ಕಟ್ಟಿರುತ್ತದೆ.

ಒಂದು ಉದಾಹರಣೆ ನೋಡಿ. ಸ್ನಾತಕ ತರಗತಿಯ ವಿದ್ಯಾರ್ಥಿ ಪ್ರತಿ ಅವಧಿಯಲ್ಲಿ ಕನಿಷ್ಠ 12 ಕ್ರೆಡಿಟ್‌ಗಳ ಪಾಠವನ್ನು ತೆಗೆದುಕೊಳ್ಳಬೇಕು. ಸ್ನಾತಕೋತ್ತರ ವಿದ್ಯಾರ್ಥಿಗೆ ಎಷ್ಟೆಂಬುದನ್ನು ವಿದ್ಯಾಲಯವೇ ನಿರ್ಧರಿಸುತ್ತದೆ. ಈ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್‌ನಲ್ಲಿ ನಡೆಯುವ ಪಾಠಗಳಲ್ಲಿ ಒಂದು ತರಗತಿ, ಅಂದರೆ 3 ಕ್ರೆಡಿಟ್‌ಗಳಷ್ಟು ಮಾತ್ರ ಸೇರುತ್ತದೆ. ಈಗ, ಅಕ್ಟೋಬರ್ ತಿಂಗಳಲ್ಲಿ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಅನುತ್ತೀರ್ಣವಾದರೆ ಅಂಕಪಟ್ಟಿ ಕೆಡುತ್ತದೆ. ಸ್ನೇಹಿತರು ‘ಬಿಟ್ಟುಬಿಡು, ಮುಂದಿನ ಸಲ ತೆಗೆದುಕೊ’ ಎನ್ನುತ್ತಾರೆ. ಗಣಕಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಆ ವಿಷಯ ಹೋಗುತ್ತದೆ. ಯಾರೂ ತಡೆಯುವುದಿಲ್ಲ, ಯಾರೂ ಗದರಿಸುವುದಿಲ್ಲ. ಆದರೆ 12 ಇದ್ದುದು 9 ಆಯಿತು, ಸ್ಥಿತಿ ಮುರಿಯಿತು.

ಅದೇ ವಿದ್ಯಾರ್ಥಿ ಒಂದು ದಿನ ಮೊದಲು ಡಿ.ಎಸ್.ಓ. ಬಳಿ ಹೋಗಿದ್ದರೆ? ಅಮೆರಿಕದ ಬೋಧನಕ್ರಮದ ಅಪರಿಚಯ, ಆರಂಭದಲ್ಲಿ ಇಂಗ್ಲಿಷಿನ ತೊಡಕು, ಯೋಗ್ಯತೆಗೆ ಸರಿಹೊಂದದ ತರಗತಿಗೆ ಸೇರಿರುವುದು, ಇಂಥ ಕಾರಣಗಳಿಗೆ ಪಾಠದ ಹೊರೆಯನ್ನು ಕಡಿಮೆಮಾಡಲು ನಿಯಮವೇ ಅವಕಾಶ ಕೊಟ್ಟಿದೆ, ಅರ್ಧದಷ್ಟಾದರೂ ಉಳಿಸಿಕೊಳ್ಳಬೇಕು. ಕಾಯಿಲೆ ಬಿದ್ದರೆ ವೈದ್ಯರ ಪತ್ರದ ಮೇಲೆ ಒಂದು ಹಂತದ ವ್ಯಾಸಂಗದಲ್ಲಿ ಒಟ್ಟು 12 ತಿಂಗಳವರೆಗೂ ರಿಯಾಯಿತಿ ಉಂಟು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಹೇಳಲು ನಾಚಬೇಕಾದುದಿಲ್ಲ. ಹೀಗೆ ಒಂದೇ ಕೆಲಸ, ಕೇಳಿ ಮಾಡಿದರೆ ಹಕ್ಕು, ಕೇಳದೆ ಮಾಡಿದರೆ ಅಪರಾಧ.

ಉಳಿದ ಕರ್ತವ್ಯಗಳೂ ಇದೇ ಜಾತಿಯವು. ಮನೆ ಬದಲಾಯಿಸಿದರೆ 10 ದಿನಗಳೊಳಗೆ ಹೊಸ ವಿಳಾಸ ತಿಳಿಸಬೇಕು. ಐ-20ರಲ್ಲಿರುವ ಮುಕ್ತಾಯದ ದಿನದೊಳಗೆ ಓದು ಮುಗಿಯುವಂತಿಲ್ಲವಾದರೆ, ಆ ದಿನ ಬರುವ ಮುನ್ನವೇ ಅವಧಿ ವಿಸ್ತರಿಸಿಕೊಳ್ಳಬೇಕು. ಬೇರೆ ವಿದ್ಯಾಲಯಕ್ಕೆ ಹೋಗುವುದಾದರೆ ಸೆವಿಸ್ ದಾಖಲೆಯನ್ನು ಕ್ರಮವಾಗಿ ವರ್ಗಾಯಿಸಿಕೊಳ್ಳಬೇಕು. ಅಕ್ಕನ ಮದುವೆಗೆಂದು ಊರಿಗೆ ಬರುವಾಗ ಐ-20ರ ಮೇಲೆ ಪ್ರಯಾಣದ ರುಜು ಇದೆಯೇ ಎಂದು ನೋಡಬೇಕು. ಓದುತ್ತಿರುವವರಿಗೆ ಅದು ಒಂದು ವರ್ಷ ನಡೆಯುತ್ತದೆ.

ಇನ್ನು ದುಡಿಮೆಯ ವಿಷಯ. ಎಚ್ಚರ ತಪ್ಪುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಅದಕ್ಕೆ ಕಾರಣ ದುರಾಶೆಯಲ್ಲ, ಸಾಲ. ಮನೆಯನ್ನೋ ತೋಟವನ್ನೋ ಅಡವಿಟ್ಟು ಬ್ಯಾಂಕಿನಿಂದ ಹಣ ತಂದ ತಂದೆಯ ಮುಖ ಕಣ್ಣ ಮುಂದಿರುವಾಗ, ಹೋಟೆಲಿನಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ ರಾತ್ರಿ ನಾಲ್ಕು ಗಂಟೆ ದುಡಿದರೆ ಕೈಗೆ ನಗದು ಸಿಗುತ್ತದೆಂದರೆ ಯಾರ ಮನಸ್ಸಾದರೂ ಕದಲುತ್ತದೆ. ಆದರೆ ನಿಯಮ ಖಂಡಿತವಾಗಿದೆ. ವಿದ್ಯಾಲಯದ ಆವರಣದೊಳಗೆ, ಪಾಠ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ದುಡಿಯಬಹುದು, ರಜೆಯಲ್ಲಿ ಪೂರ್ಣಕಾಲ. ಹೊರಗೆ ದುಡಿಯಬೇಕಾದರೆ ಮುಂಚಿತವಾದ ಅನುಮತಿ ಬೇಕೇ ಬೇಕು. ವ್ಯಾಸಂಗದ ಅಂಗವಾದ ತರಬೇತಿಗೆ ಸಿ.ಪಿ.ಟಿ. ಎಂಬ ಅನುಮತಿ ಉಂಟು; ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಓದಿದ ಮೇಲೆ ದೊರೆಯುತ್ತದೆ. ಅದನ್ನು ಪೂರ್ಣಕಾಲದ ಲೆಕ್ಕದಲ್ಲಿ 12 ತಿಂಗಳು ಬಳಸಿದರೆ, ಆ ಹಂತದ ಪದವಿಯ ನಂತರ ಸಿಗಬೇಕಾದ ಓ.ಪಿ.ಟಿ. ಎಂಬ 12 ತಿಂಗಳ ತರಬೇತಿ ಕೈಬಿಡುತ್ತದೆ. ಓ.ಪಿ.ಟಿ.ಗೆ ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸಕ್ಕೆ ಸೇರುವಂತಿಲ್ಲ. ಕೆಲಸದ ಅನುಮತಿಪತ್ರ ಮಂಜೂರಾಗಿ, ಅದರಲ್ಲಿ ಹೇಳಿದ ದಿನ ಬರಬೇಕು. ಆ ಅವಧಿಯಲ್ಲಿ ಒಟ್ಟು 90 ದಿನ ಮೀರಿ ಕೆಲಸವಿಲ್ಲದೆ ಇರಲೂಬಾರದು.

ತಂದೆತಾಯಿಗಳು ವಿಶೇಷವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ‘ಶುಲ್ಕ ಕಟ್ಟಿದರೆ ಸಾಕು, ತರಗತಿಗೆ ಬರಬೇಕಾಗಿಲ್ಲ, ಮೊದಲ ದಿನದಿಂದಲೇ ದುಡಿಯಬಹುದು’ ಎಂದು ಆಸೆ ತೋರಿಸುವ ಸಂಸ್ಥೆಗಳಿದ್ದವು. ಕ್ಯಾಲಿಫೋರ್ನಿಯದ ಪ್ಲೆಸೆಂಟನ್ ಪಟ್ಟಣದ ಟ್ರೈ-ವ್ಯಾಲಿ ವಿಶ್ವವಿದ್ಯಾನಿಲಯದ ಮೇಲೆ 2011ರ ಜನವರಿಯಲ್ಲಿ ಅಧಿಕಾರಿಗಳು ದಾಳಿಮಾಡಿದರು. ಅಲ್ಲಿ ಹೆಸರು ಬರೆಸಿದ್ದವರಲ್ಲಿ ಬಹುಮಂದಿ ಭಾರತೀಯರು. ಕೆಲವರ ಕಾಲಿಗೆ ಕಾವಲಿನ ಎಲೆಕ್ಟ್ರಾನಿಕ್ ಪಟ್ಟಿಯನ್ನೂ ಕಟ್ಟಿದರು. ಸಂಸ್ಥೆಯ ಮುಖ್ಯಸ್ಥೆಗೆ 2014ರಲ್ಲಿ 16 ವರ್ಷಕ್ಕೂ ಮೀರಿದ ಸೆರೆವಾಸದ ಶಿಕ್ಷೆಯಾಯಿತು. ವಿದ್ಯಾರ್ಥಿಗಳ ಕಳೆದುಹೋದ ವರ್ಷಗಳನ್ನು ಅದು ಮರಳಿಸಲಿಲ್ಲ. ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾನಿಲಯವಂತೂ ಸರ್ಕಾರದ ತನಿಖಾಧಿಕಾರಿಗಳೇ ಗುಟ್ಟಾಗಿ ತೆರೆದ ಬೋನು. 2019ರ ಜನವರಿಯಲ್ಲಿ ಗುಟ್ಟು ಬಯಲಾದಾಗ ಅದರಲ್ಲಿ ಸಿಕ್ಕಿದ್ದವರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರೇ. ತಾವು ಮೋಸಹೋದೆವೆಂದು ಅನೇಕರು ಮೊರೆಯಿಟ್ಟರು. ಐ-20 ಕೊಡುವ ಅಧಿಕಾರ ಈ ಎರಡು ಸಂಸ್ಥೆಗಳಿಗೂ ಇತ್ತೆಂಬುದನ್ನು ಗಮನಿಸಿ. ಆದುದರಿಂದ ಕಾಗದ ನೋಡಿ ನಂಬಬೇಡಿ. ತರಗತಿ ಎಲ್ಲಿ ನಡೆಯುತ್ತದೆ, ಅಧ್ಯಾಪಕರು ಯಾರು, ವಾರಕ್ಕೆ ಎಷ್ಟು ಪಾಠ ಎಂದು ಕೇಳಿ. ಪಾಠವಿಲ್ಲದ ವಿದ್ಯಾಲಯ ಅಗ್ಗವಾಗಿ ತೋರಿದರೂ ಎಲ್ಲಕ್ಕಿಂತ ದುಬಾರಿ.

ಎಚ್ಚರವಿದ್ದೂ ತಪ್ಪಾದರೆ ಗತಿಯೇನು? ಬಚ್ಚಿಡುವುದು ಗತಿಯಲ್ಲ. ಮೊದಲು ಡಿ.ಎಸ್.ಓ.ಗೆ ತಿಳಿಸಿ. ಕೈಮೀರಿದ ಕಾರಣದಿಂದ ತಪ್ಪಾಗಿದ್ದು, ಅನುಮತಿಯಿಲ್ಲದ ದುಡಿಮೆ ಮಾಡಿಲ್ಲದಿದ್ದರೆ, ಐ-539 ಎಂಬ ನಮೂನೆಯಲ್ಲಿ ಸ್ಥಿತಿಯನ್ನು ಮರಳಿ ಕೊಡುವಂತೆ ಬೇಡಿಕೊಳ್ಳಬಹುದು. ಸಾಮಾನ್ಯವಾಗಿ 5 ತಿಂಗಳೊಳಗೆ ಅರ್ಜಿ ಹೋಗಿರಬೇಕು. ವಿಷಯ ಜಟಿಲವಾಗಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಿ. ಕೊಠಡಿಯ ಸ್ನೇಹಿತನ ಸಲಹೆ ಸದುದ್ದೇಶದ್ದಾದರೂ ಕಾನೂನಲ್ಲ.

ನಿಮ್ಮ ತಪ್ಪಿಲ್ಲದೆಯೂ ತೊಂದರೆ ಬರಬಹುದು. 2025ರ ವಸಂತದಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಸರ್ಕಾರ ಏಕಾಏಕಿ ರದ್ದುಮಾಡಿತು. ಅನೇಕರು ನ್ಯಾಯಾಲಯಕ್ಕೆ ಹೋದ ಮೇಲೆ ಏಪ್ರಿಲ್ ತಿಂಗಳ ಕೊನೆಯಲ್ಲಿ ಅವುಗಳನ್ನು ಮರಳಿ ಜೀವಂತಗೊಳಿಸುವುದಾಗಿ ತಿಳಿಸಿತು. ಅಂಥ ವೇಳೆಯಲ್ಲಿ ನೆರವಾಗುವುದು ನಿಮ್ಮ ಕೈಯಲ್ಲಿರುವ ಕಾಗದ. ಹಳೆಯ, ಹೊಸ ಐ-20ಗಳೆಲ್ಲವನ್ನೂ, ಐ-94, ಅಂಕಪಟ್ಟಿ, ಶುಲ್ಕದ ರಸೀದಿ, ಅನುಮತಿಪತ್ರಗಳನ್ನೂ ಒಂದು ಕಟ್ಟಿನಲ್ಲಿಡಿ. ಪ್ರತಿಯೊಂದನ್ನು ಊರಿನ ಮನೆಯಲ್ಲಿಯೂ ಇರಿಸಿ.

ನಿಯಮಗಳೂ ಬದಲಾಗುತ್ತಿರುತ್ತವೆ. ಬಹುಕಾಲದಿಂದ ವಿದ್ಯಾರ್ಥಿಯ ಐ-94ರಲ್ಲಿ ದಿನಾಂಕದ ಬದಲು ‘ಡಿ/ಎಸ್’, ಅಂದರೆ ಸ್ಥಿತಿ ಇರುವಷ್ಟು ಕಾಲ, ಎಂದು ಬರೆಯುವ ಪದ್ಧತಿ ನಡೆದುಬಂದಿತ್ತು. ಓದು ಮುಗಿದ ಮೇಲೆ ಹೊರಡಲು 60 ದಿನಗಳ ಬಿಡುವಿತ್ತು. ನಾಲ್ಕು ವರ್ಷ ಮೀರದ ನಿಗದಿತ ಅವಧಿಯನ್ನು ಬರೆದು, ಬಿಡುವನ್ನು 30 ದಿನಕ್ಕೆ ಇಳಿಸುವ ಪ್ರಸ್ತಾವವನ್ನು ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದುದರಿಂದ ಹಿಂದೆ ಹೋದವರ ಅನುಭವವನ್ನೇ ನೆಚ್ಚದೆ, ನಿಮ್ಮ ಐ-94ರಲ್ಲಿ ಏನು ಬರೆದಿದೆ, ಹೊರಡಲು ನಿಮಗೆಷ್ಟು ದಿನ ಉಂಟು ಎಂಬುದನ್ನು ನಿಮ್ಮ ಡಿ.ಎಸ್.ಓ.ರಿಂದಲೇ ತಿಳಿಯಿರಿ.

ಮಗಳಿಗೆ ಭಾನುವಾರ ಫೋನ್ ಮಾಡಿದಾಗ ಊಟ ಆಯಿತೇ, ಚಳಿ ಹೇಗಿದೆ, ಪರೀಕ್ಷೆ ಯಾವಾಗ ಎಂದು ಕೇಳುತ್ತೀರಿ. ಅವಳು ಪಾಠ ಬಿಡುವ, ಮನೆ ಬದಲಾಯಿಸುವ, ಕೆಲಸಕ್ಕೆ ಸೇರುವ ಮಾತೆತ್ತಿದಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ‘ಕಚೇರಿಯಲ್ಲಿ ಕೇಳಿದೆಯಾ?’ ವಾರಾನ್ನದ ಮನೆಗೆ ಹುಡುಗನನ್ನು ಕಳುಹಿಸುವಾಗ ತಾಯಿ ಹೇಳಿಕೊಡುತ್ತಿದ್ದ ಬುದ್ಧಿಯೂ ಇದೇ ತಾನೆ?