ಅಲ್ಪ ಅಶ್ವಶಕ್ತಿಯ ಜೋಡಿರೆಕ್ಕೆ ವಿಮಾನ

ಆಕಾಶದಲ್ಲಿ ಲಾಗ ಹಾಕುವ ವಿಮಾನಕ್ಕೆ ಪ್ರಬಲವಾದ ಎಂಜಿನು ಅನಿವಾರ್ಯವೆಂಬ ಭಾವನೆ ಸಾಮಾನ್ಯವಾಗಿದೆ. ಅಮೆರಿಕದ ಫ್ಲಾರಿಡದಲ್ಲಿ ಕರ್ಟಿಸ್ ಪಿಟ್ಸ್ ಎಂಬಾತನು 1940ರ ದಶಕದಲ್ಲಿ ನಿರ್ಮಿಸಿದ ಪುಟ್ಟ ಜೋಡಿರೆಕ್ಕೆಯ ವಿಮಾನವು ಈ ಭಾವನೆಯನ್ನು ಅಲುಗಿಸಿತು. ಅದರ ಮೊದಲ ಮಾದರಿಯ ಎಂಜಿನಿನ ಸಾಮರ್ಥ್ಯ ಕೇವಲ 55 ಅಶ್ವಶಕ್ತಿ. ಉಕ್ಕಿನ ಕೊಳವೆಗಳನ್ನು ಬೆಸೆದ ಒಡಲು, ಮರದ ಹಂದರಕ್ಕೆ ಬಟ್ಟೆ ಹೊದಿಸಿದ ರೆಕ್ಕೆಗಳು: ಸಣ್ಣ ಕಾರ್ಯಾಗಾರದಲ್ಲಿಯೂ ಸಿದ್ಧಪಡಿಸಬಹುದಾದ ಈ ರಚನೆಯ ನಕ್ಷೆಗಳು 1960ರ ದಶಕದಲ್ಲಿ ಹವ್ಯಾಸಿಗಳಿಗೂ ದೊರೆತವು.

ಇಷ್ಟು ಅಲ್ಪ ಶಕ್ತಿ ಹೇಗೆ ಸಾಕಾಗುತ್ತದೆ? ಎಂಜಿನನ್ನೂ ಗಾಳಿಯ ತಡೆಯನ್ನೂ ಸದ್ಯಕ್ಕೆ ಬದಿಗಿಟ್ಟು, 50 ಮೀಟರ್ ತ್ರಿಜ್ಯದ ಲಂಬವೃತ್ತವೊಂದನ್ನು ಭಾವಿಸೋಣ. ವೃತ್ತದ ನೆತ್ತಿಯಲ್ಲಿ ತಲೆಕೆಳಗಾದಾಗಲೂ ಪಥ ಕೆಡದಿರಬೇಕಾದರೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗವಿರಬೇಕು. ಅದಕ್ಕಾಗಿ ಬುಡದಲ್ಲಿ ಸುಮಾರು 178 ಕಿಲೋಮೀಟರ್ ವೇಗ ಬೇಕು. ಈ ವೇಗವನ್ನು ಎಂಜಿನೇ ಕೊಡಬೇಕೆಂದಿಲ್ಲ. ಮೇಲಿನಿಂದ ಎರಗಿದರೆ ಅದು ತಾನಾಗಿಯೇ ಲಭಿಸುತ್ತದೆ. ಎತ್ತರವು ವೇಗವಾಗುತ್ತದೆ, ವೇಗವು ಮರಳಿ ಎತ್ತರವಾಗುತ್ತದೆ. ಗಾಳಿಯ ತಡೆಯಿಂದಾಗುವ ನಷ್ಟವನ್ನು ತುಂಬುವುದಷ್ಟೇ ಎಂಜಿನಿನ ಕೆಲಸ.

ಆದರೆ ಇಂತಹ ವೃತ್ತದ ಬುಡದಲ್ಲಿ ರೆಕ್ಕೆಗಳು ವಿಮಾನದ ತೂಕದ ಆರರಷ್ಟನ್ನು ಹೊರಬೇಕಾಗುತ್ತದೆ. ನುರಿತ ಚಾಲಕನು ಬುಡದಲ್ಲಿ ತಿರುವನ್ನು ಹಿಗ್ಗಿಸಿ, ನೆತ್ತಿಯಲ್ಲಿ ಕುಗ್ಗಿಸಿ, ಈ ಹೊರೆಯನ್ನು ತಗ್ಗಿಸುತ್ತಾನೆ. ಆದರೂ ಕಸರತ್ತಿನ ವರ್ಗದ ವಿಮಾನಗಳಿಗೆ ಆರು ಪಟ್ಟು ಹೊರೆಯನ್ನೇ ವಿನ್ಯಾಸದ ಮಿತಿಯಾಗಿ ಅಂಗೀಕರಿಸಲಾಗಿದೆ. ಮುರಿಯದೆ ತಡೆಯುವ ಬಲವು ಅದರ ಒಂದೂವರೆಯಷ್ಟಿರಬೇಕು.

ಜೋಡಿರೆಕ್ಕೆಯ ಉಪಯೋಗ ಇಲ್ಲಿ ವ್ಯಕ್ತವಾಗುತ್ತದೆ. ನಡುಗಂಬಗಳಿಂದಲೂ ಬಿಗಿತಂತಿಗಳಿಂದಲೂ ಬಂಧಿತವಾದ ಎರಡು ರೆಕ್ಕೆಗಳು ಸೇತುವೆಯ ಚೌಕಟ್ಟಿನಂತೆ ಒಂದಾಗಿ ಹೊರೆ ಹೊರುತ್ತವೆ. ಅಲ್ಪ ತೂಕದಲ್ಲಿ ಹೆಚ್ಚು ದಾರ್ಢ್ಯ ಲಭಿಸುತ್ತದೆ. ರೆಕ್ಕೆಗಳು ಗಿಡ್ಡವಾಗಿರುವುದರಿಂದ ವಿಮಾನವು ಚುರುಕಾಗಿ ಉರುಳಬಲ್ಲದು. 1946ರಲ್ಲಿ ನಿರ್ಮಿತವಾದ, 85 ಅಶ್ವಶಕ್ತಿಯ ಇಂತಹ ವಿಮಾನದಲ್ಲಿಯೇ ಬೆಟಿ ಸ್ಕೆಲ್ಟನ್ 1949 ಮತ್ತು 1950ರಲ್ಲಿ ಅಮೆರಿಕದ ಮಹಿಳಾ ವೈಮಾನಿಕ ಕಸರತ್ತಿನ ಪ್ರಶಸ್ತಿಯನ್ನು ಗೆದ್ದಳು.

ಇದಕ್ಕೆ ಮಿತಿಯೂ ಉಂಟು. ಕಂಬ ತಂತಿಗಳು ಗಾಳಿಯ ತಡೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಅಲ್ಪಶಕ್ತಿಯ ವಿಮಾನವು ಪ್ರತಿಯೊಂದು ಕಸರತ್ತಿಗೂ ಎತ್ತರವನ್ನು ತೆತ್ತು, ಅದನ್ನು ನಿಧಾನವಾಗಿ ಮರಳಿ ಗಳಿಸಬೇಕಾಗುತ್ತದೆ. 1972ರ ವಿಶ್ವಸ್ಪರ್ಧೆಯಲ್ಲಿ ಅಮೆರಿಕದ ತಂಡಕ್ಕೆ ಜಯ ತಂದ ಪಿಟ್ಸ್ ವಿಮಾನಗಳಲ್ಲಿ 180 ಅಶ್ವಶಕ್ತಿಯ ಎಂಜಿನುಗಳಿದ್ದುದು ಈ ಕಾರಣದಿಂದಲೇ.

ಮನೆಯಲ್ಲಿ ವಿಮಾನ ಕಟ್ಟುವವನು ಎಂಜಿನಿನಲ್ಲಿ ಮಿತವ್ಯಯ ಸಾಧಿಸಬಹುದು. ಬೆಸುಗೆಯಲ್ಲಿ, ಮರದ ಅಂಟಿನಲ್ಲಿ, ಹಾರಾಟದ ಎತ್ತರದಲ್ಲಿ ಸಾಧಿಸಲಾಗದು. ಬಟ್ಟೆ ಹೊದಿಸಿದ ಮೇಲೆ ಒಳಗಿನ ಲೋಪ ಕಣ್ಣಿಗೆ ಬೀಳುವುದಿಲ್ಲ. ಅದು ಬಯಲಾಗುವುದು ಆರು ಪಟ್ಟು ಹೊರೆ ಬಿದ್ದಾಗ.