ಬೇಸಿಗೆಯ ಬಿಡುವು, ಓದಿನ ಹಂಚಿಕೆ

ಭರಣಿ ಮಳೆ ಮುಗಿದು ಕೃತ್ತಿಕೆ ಕಾಲಿಟ್ಟಿತೆಂದರೆ ಪುಸ್ತಕಪ್ರಿಯರ ಮನಸ್ಸಿನಲ್ಲಿ ಒಂದು ಬಗೆಯ ಅಳುಕು ತಲೆಯೆತ್ತುವುದುಂಟು. ಯುಗಾದಿಯ ಮರುದಿನ ಉತ್ಸಾಹದಿಂದ ಬರೆದಿಟ್ಟ ಪಟ್ಟಿಯೊಂದು ಈಗ ಲೆಕ್ಕ ಕೇಳತೊಡಗುತ್ತದೆ. ಈ ಬೇಸಿಗೆಯಲ್ಲಿ ಕುಮಾರವ್ಯಾಸನನ್ನು ಆದ್ಯಂತವಾಗಿ ಓದಬೇಕು. ಕಾರಂತರ ಕಾದಂಬರಿಗಳಲ್ಲಿ ಓದದೆ ಉಳಿದವನ್ನು ಮುಗಿಸಬೇಕು. ಹೊಸಬರ ಕವನಸಂಕಲನಗಳನ್ನು ಹತ್ತಾದರೂ ನೋಡಬೇಕು. ತಪ್ಪದೆ ದಿನಚರಿ ಬರೆಯಬೇಕು. ಸಾಧ್ಯವಾದರೆ ನೆರೆಯ ಭಾಷೆಯೊಂದರ ಅಕ್ಷರಗಳನ್ನಾದರೂ ಕಲಿಯಬೇಕು. ಹೀಗೆ ಬೆಳೆದ ಪಟ್ಟಿಯಲ್ಲಿ ಮೇ ತಿಂಗಳ ಮಧ್ಯಕ್ಕೆ ಗುರುತು ಬಿದ್ದಿರುವುದು ಒಂದೆರಡು ಹೆಸರುಗಳಿಗೆ ಮಾತ್ರ. ಶಾಲೆಗಳು ಬಾಗಿಲು ತೆರೆಯಲು ಉಳಿದಿರುವುದು ಹತ್ತೇ ದಿನ. ವಿದ್ಯಾರ್ಥಿಗೂ ಅಧ್ಯಾಪಕನಿಗೂ ಈ ಅಳುಕು ಸಮಾನವಾದದ್ದು. ಈ ವಿಷಯದಲ್ಲಿ ಅವರು ಒಬ್ಬರನ್ನೊಬ್ಬರು ಪರೀಕ್ಷಿಸುವುದಿಲ್ಲ ಎಂಬುದೊಂದೇ ಸಮಾಧಾನ.

ಪಟ್ಟಿ ಮುಗಿಯದಿರುವುದಕ್ಕೆ ಸೋಮಾರಿತನವೇ ಕಾರಣವೆಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಅದು ಅಷ್ಟು ಸರಿಯಲ್ಲ. ಪಟ್ಟಿ ಮಾಡುವಾಗಲೇ ಎರಡು ತಪ್ಪು ಎಣಿಕೆಗಳು ಅದರೊಳಗೆ ಸೇರಿಕೊಂಡಿರುತ್ತವೆ. ರಜೆಯೆಂದರೆ ಬಿಡುವು ಎಂದು ಭಾವಿಸುವುದು ಒಂದು. ಪುಸ್ತಕಗಳ ಸಂಖ್ಯೆಯೇ ಓದಿನ ಅಳತೆ ಎಂದು ನಂಬುವುದು ಇನ್ನೊಂದು. ಇವೆರಡನ್ನೂ ಪರಿಶೀಲಿಸಲು ದೂರ ಹೋಗಬೇಕಾದದ್ದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯನ್ನು ನೋಡಿದರೆ ಸಾಕು.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರನ್ನು ಕನ್ನಡ ಓದುಗರಲ್ಲಿ ಹೆಚ್ಚಿನವರು ಅರಿತದ್ದು ಒಬ್ಬ ಕಥೆಗಾರರ ಮೂಲಕ. ೧೯೩೮ರಲ್ಲಿ ಹುಟ್ಟಿ ೧೯೯೮ರಲ್ಲಿ ತೀರಿಕೊಂಡ ಬೆಸಗರಹಳ್ಳಿ ರಾಮಣ್ಣನವರು ತಮ್ಮ ಊರನ್ನು ಹೆಸರಿನ ಮುಂದೆ ಹೊತ್ತುಕೊಂಡೇ ಬರೆದರು. 'ನೆಲದ ಒಡಲು', 'ಗರ್ಜನೆ', 'ಹರಕೆಯ ಹಣ' ಮೊದಲಾದವು ಅವರ ಕಥಾಸಂಕಲನಗಳು. ವೃತ್ತಿಯಿಂದ ಅವರು ವೈದ್ಯರು. ಬರೆದದ್ದು ಆ ವೃತ್ತಿಯ ನಡುವೆಯೇ. ಹಳ್ಳಿಗಾಡಿನ ಆಸ್ಪತ್ರೆಯ ಜಗಲಿಯಲ್ಲಿ ಕಾದು ಕುಳಿತ ಜನರನ್ನು ಬಲ್ಲವರಿಗೆ ಅಂತಹ ವೈದ್ಯನಿಗೆ ದೊರೆಯುವ ಬಿಡುವು ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಂಧಿ ಎಂಬ ಹೆಸರಿನ ಬಡ ಹುಡುಗನ ಕಥೆಯಾದ ಅವರ 'ಗಾಂಧಿ' ಬಹು ಪ್ರಸಿದ್ಧವಾದದ್ದು. ಆಸ್ಪತ್ರೆಯ ಒಳಹೊರಗನ್ನು ಕಂಡ ಕಣ್ಣು ಅದರ ಹಿಂದಿದೆ. ಬಿಡುವು ಸಿಕ್ಕ ಮೇಲೆ ಬರೆಯೋಣವೆಂದು ಅವರು ಕಾದಿದ್ದರೆ ನಮ್ಮ ಕಥಾಸಾಹಿತ್ಯ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು.

ಬರೆಯುವವರ ಪಾಡು ಇದಾದರೆ ಓದುವವರದು ಹೇಗೆ? ನಗರದ ವಿದ್ಯಾರ್ಥಿಗೆ ಬೇಸಿಗೆಯ ರಜೆ ನಿಜವಾಗಿಯೂ ರಜೆಯಾಗಿರಬಹುದು. ಹಳ್ಳಿಯ ಮನೆಯಲ್ಲಿ ಶಾಲೆ ಮುಚ್ಚಿತೆಂದರೆ ದುಡಿಯುವ ಕೈಗಳು ಎರಡು ಹೆಚ್ಚಾದವು ಎಂದೇ ಅರ್ಥ. ಗೊಬ್ಬರ ಸಾಗಿಸುವುದು, ದನಕರು ನೋಡಿಕೊಳ್ಳುವುದು, ಊರಹಬ್ಬಕ್ಕೆ ಬರುವ ನೆಂಟರಿಷ್ಟರ ಉಪಚಾರ ಇವೆಲ್ಲ ಮಕ್ಕಳ ಪಾಲಿಗೂ ಬರುತ್ತವೆ. ಹೆಣ್ಣುಮಕ್ಕಳಿಗಂತೂ ಅಡಿಗೆಯ ಮನೆಯ ಕೆಲಸ ಇದಕ್ಕೆಲ್ಲ ಮೇಲೆ. ಇಂತಹ ಹುಡುಗನಿಗೋ ಹುಡುಗಿಗೋ 'ರಜೆಯಲ್ಲಿ ಚೆನ್ನಾಗಿ ಓದು' ಎಂದು ಹೇಳಿ ಕಳುಹಿಸಿದ ಮಾತ್ರಕ್ಕೆ ಮೇಷ್ಟರ ಹೊಣೆ ತೀರುವುದಿಲ್ಲ. ಯಾವಾಗ ಓದಬೇಕು ಎಂಬುದು ಅಲ್ಲಿ ಮೊದಲನೆಯ ಪ್ರಶ್ನೆ.

ಇದಕ್ಕೆ ಒಂದು ಉತ್ತರ ಈ ಸೀಮೆಯ ಕಸುಬಿನಲ್ಲಿಯೇ ಇದೆ. ಮದ್ದೂರು, ಮಳವಳ್ಳಿ ಕಡೆಯ ಬೇಸಾಯದಲ್ಲಿ ರೇಷ್ಮೆಗೂ ಪಾಲುಂಟು. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ಪೊರೆ ಬಿಡುವ ಈ ಸ್ಥಿತಿಗೆ ನಮ್ಮ ರೈತರು ಇಟ್ಟಿರುವ ಹೆಸರು 'ಜ್ವರ'. ಹುಳು ಜ್ವರಕ್ಕೆ ಕುಳಿತಾಗ ತಲೆಯೆತ್ತಿಕೊಂಡು ನಿಶ್ಚಲವಾಗಿರುತ್ತದೆ. ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿ ಸೊಪ್ಪು ಮುಟ್ಟುವುದಿಲ್ಲ. ಸೊಪ್ಪು ಕೊಯ್ದು ತಂದು ಹೊತ್ತುಹೊತ್ತಿಗೆ ಹಾಕುತ್ತಿದ್ದ ಮನೆಮಂದಿಗೆ ಅಷ್ಟು ಹೊತ್ತು ಉಸಿರು ಬಿಡಲು ಅವಕಾಶ. ನಾಲ್ಕನೆಯ ಜ್ವರ ಎದ್ದಿತೆಂದರೆ ಮುಗಿಯಿತು. ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ ೮೦ಕ್ಕೂ ಹೆಚ್ಚು ಪಾಲನ್ನು ಹುಳು ಆ ಕೊನೆಯ ವಾರದಲ್ಲಿಯೇ ತಿನ್ನುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ.

ಪುಸ್ತಕಪ್ರಿಯನು ಇಲ್ಲಿ ಕಲಿಯಬೇಕಾದದ್ದುಂಟು. ನಾಲ್ಕು ಜ್ವರಗಳೆಂದರೆ ನಾಲ್ಕು ಬಿಡುವುಗಳು. ಅವು ಯಾವಾಗ ಬರುತ್ತವೆಂಬುದು ಮನೆಯವರಿಗೆ ಮುಂದಾಗಿಯೇ ಗೊತ್ತು. ಆ ಹೊತ್ತಿಗೆ ಕೈಗೆಟುಕುವಂತೆ ಒಂದು ಪುಸ್ತಕವಿದ್ದರೆ ಓದು ನಡೆಯುತ್ತದೆ. ಇಲ್ಲದಿದ್ದರೆ ಬಿಡುವು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಬಹುಪಾಲು ಜನರ ಬಿಡುವು ಹೀಗೆ ತುಂಡುತುಂಡಾಗಿಯೇ ಬರುವಂಥದು. ಬಸ್ಸು ಬರುವ ಮುನ್ನ ಅರ್ಧ ಗಂಟೆ, ಮಧ್ಯಾಹ್ನದ ಊಟವಾದ ಮೇಲೆ ಬಿಸಿಲು ಇಳಿಯುವವರೆಗೆ ಒಂದು ಗಂಟೆ, ಮಗು ಮಲಗಿದ ಮೇಲೆ ಮುಕ್ಕಾಲು ಗಂಟೆ. ಇವನ್ನು ಬಿಡುವೆಂದು ಎಣಿಸದೆ, ಎಂದೋ ಒಂದು ದಿನ ಇಡಿಯಾಗಿ ದೊರೆಯಲಿರುವ ವಿರಾಮಕ್ಕಾಗಿ ಪುಸ್ತಕವನ್ನು ಕಟ್ಟಿಡುವವರು ಅದನ್ನು ಮಕ್ಕಳ ಕಾಲಕ್ಕೆ ಬಿಟ್ಟುಹೋಗುತ್ತಾರೆ.

ತುಂಡು ಬಿಡುವಿಗೆ ಒಗ್ಗುವ ಸಾಹಿತ್ಯ ನಮ್ಮಲ್ಲಿ ಯಥೇಚ್ಛವಾಗಿದೆ. ಸಣ್ಣಕಥೆ ಅದಕ್ಕಾಗಿಯೇ ಹುಟ್ಟಿದ್ದೋ ಎನ್ನುವಂತಿದೆ. ಮಾಸ್ತಿಯವರ ಒಂದು ಕಥೆ, ರಾಮಣ್ಣನವರ ಒಂದು ಕಥೆ ಒಂದೇ ಕುಳಿತದಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಕೆಲಸದುದ್ದಕ್ಕೂ ಜೊತೆಗಿರುತ್ತದೆ. ಲಲಿತಪ್ರಬಂಧವೂ ಹಾಗೆಯೇ. ಮಂಡ್ಯ ಜಿಲ್ಲೆಯವರೇ ಆದ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' ಇದಕ್ಕೆ ಒಳ್ಳೆಯ ನಿದರ್ಶನ. ಕವನವಾದರೆ ಹತ್ತು ನಿಮಿಷವೂ ಸಾಕು, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ೧೯೪೨ರಿಂದ ಈಚೆಗೆ ಎಷ್ಟು ಮಂದಿಯ ಹತ್ತು ನಿಮಿಷಗಳನ್ನು ಹಸನುಗೊಳಿಸಿದೆಯೋ ಲೆಕ್ಕವಿಲ್ಲ.

ದೊಡ್ಡ ಪುಸ್ತಕಗಳನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಸುಮಾರು ೪೫ ದಿನಗಳು. ದಿನಕ್ಕೆ ೨೦ ಪುಟದಂತೆ ಓದಿದರೆ ೯೦೦ ಪುಟಗಳಾದವು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಅದರೊಳಗೆ ಧಾರಾಳವಾಗಿ ಮುಗಿಯುತ್ತದೆ. ಆದರೆ ಪಟ್ಟಿಯಲ್ಲಿ ಅಂತಹ ಹನ್ನೆರಡು ಪುಸ್ತಕಗಳಿದ್ದರೆ ಮೊದಲನೆಯದನ್ನು ಓದುವಾಗಲೇ ಎರಡನೆಯದು ಬಾಗಿಲು ತಟ್ಟುತ್ತಿರುತ್ತದೆ. ಆ ಕಾದಂಬರಿಯ ಮೊದಲ ಪುಟಗಳಲ್ಲಿಯೇ, ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಎಂಬ ಭಾವದ ಮಾತನ್ನು ಕವಿ ಆಡಿದ್ದಾರೆ. ಅದನ್ನು ಅವಸರದಿಂದ ಓದಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವವನು ಆ ಮಾತಿಗೇ ಮುಖ ತಿರುಗಿಸಿದಂತಾಯಿತು. ವರ್ಷಕ್ಕೆ ೫೦ ಪುಸ್ತಕ, ೧೦೦ ಪುಸ್ತಕ ಎಂದು ಪಣ ತೊಡುವ ರೂಢಿ ಈಚೆಗೆ ಹೆಚ್ಚಾಗಿದೆ. ಪಣದಿಂದ ಓದಿನ ಅಭ್ಯಾಸ ಕುದುರುವುದಾದರೆ ಸಂತೋಷವೇ. ಆದರೆ ತೆಳ್ಳನೆಯ ಪುಸ್ತಕವೇ ಮೇಲೆಂದು ಕೈ ತಾನಾಗಿ ಆರಿಸತೊಡಗಿದರೆ ಆ ಪಣವನ್ನು ಅಲ್ಲಿಗೇ ಬಿಡುವುದು ಲೇಸು.

ನಮ್ಮ ಹಿರಿಯರಲ್ಲಿಯೂ ಬೇಸಿಗೆಯ ಕೊನೆಯ ಓದಿಗೆ ಒಂದು ಹಂಚಿಕೆಯಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮುಂಗಾರು ತಡವಾದಾಗ ಗುಡಿಯಲ್ಲಿಯೋ ಚಾವಡಿಯಲ್ಲಿಯೋ ಭಾರತದ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡ ನಾಡಿನ ಅನೇಕ ಹಳ್ಳಿಗಳಲ್ಲಿತ್ತು. ಪಾಂಡವರು ಅಜ್ಞಾತವಾಸದಲ್ಲಿ ಎಲ್ಲಿರಬಹುದೆಂದು ಕೌರವರು ಹುಡುಕುತ್ತಿರುವಾಗ, ಧರ್ಮರಾಯನಿರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆಯಾಗುವುದೆಂದು ಭೀಷ್ಮನು ಹೇಳುವುದು ಆ ಪರ್ವದಲ್ಲಿಯೇ. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು, ಕೇಳುವವರು ಊರಿನವರೆಲ್ಲ. ಅಕ್ಷರ ಬಲ್ಲವರು ಊರಿಗೆ ಇಬ್ಬರೋ ಮೂವರೋ ಇದ್ದ ಕಾಲದಲ್ಲಿಯೂ ಕುಮಾರವ್ಯಾಸನನ್ನು ಬಲ್ಲವರು ನೂರಾರು ಮಂದಿ ಇದ್ದುದು ಈ ಏರ್ಪಾಟಿನಿಂದ. ಓದಿದರೆ ಮಳೆ ಬರುವುದೇ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು; ಕೇಳುವುದು ಸರಿಯೇ. ಮಳೆಗಾಗಿ ಕಾದು ಕಂಗೆಟ್ಟ ಜನ ಆ ರಾತ್ರಿಗಳನ್ನು ಒಬ್ಬೊಬ್ಬರೇ ಚಿಂತಿಸುತ್ತ ಕಳೆಯದೆ ಒಂದೆಡೆ ಕುಳಿತು ಕಾವ್ಯ ಕೇಳಿ ಕಳೆದರು ಎಂಬುದೂ ಸಣ್ಣ ಲಾಭವಲ್ಲ.

ಇಂದು ಅಕ್ಷರ ಬಲ್ಲವರು ಮನೆಮನೆಯಲ್ಲಿದ್ದಾರೆ. ಓದು ಮಾತ್ರ ಒಂಟಿಯಾಗಿದೆ. ನಮ್ಮ ಬೇಸಿಗೆಯ ಪಟ್ಟಿಗಳು ಅಷ್ಟು ಸುಲಭವಾಗಿ ಬಿದ್ದುಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಮುಂದೇನಾಯಿತೆಂದು ಕೇಳುವವರು ಇನ್ನೊಬ್ಬರಿದ್ದರೆ ಪುಸ್ತಕವನ್ನು ಅರ್ಧಕ್ಕೆ ಮಡಿಸಿಡುವುದು ಕಷ್ಟ. ರೇಷ್ಮೆ ಹುಳು ಜ್ವರಕ್ಕೆ ಕುಳಿತ ಮಧ್ಯಾಹ್ನ ಮಗಳು ಒಂದು ಕಥೆಯನ್ನು ಗಟ್ಟಿಯಾಗಿ ಓದಿದರೆ, ಸೊಪ್ಪಿನ ಕುಡುಗೋಲು ಮಸೆಯುತ್ತ ಕುಳಿತ ಅಪ್ಪನಿಗೂ ಅಕ್ಕಿ ಆರಿಸುವ ಅವ್ವನಿಗೂ ಅದು ಸಲ್ಲುತ್ತದೆ. ರಾಮಣ್ಣನವರ ಕಥೆಗಳಂತೂ ಇಂತಹ ಮನೆಗಳ ಮಾತಿನಲ್ಲಿಯೇ ಮಾತಾಡುವಂಥವು. ಪುಸ್ತಕದಲ್ಲಿ ತಮ್ಮ ನುಡಿಯನ್ನು ಕೇಳಿ ಅವ್ವ ನಕ್ಕರೆ, ಆ ಹುಡುಗಿ ಪಾಠಪುಸ್ತಕದಿಂದ ಪಡೆಯದ ಧೈರ್ಯವನ್ನು ಪಡೆದಾಳು.

ಪುಸ್ತಕ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಉಳಿಯಿತು. ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ನಮ್ಮ ರಾಜ್ಯದಲ್ಲಿ ೧೯೬೫ರಷ್ಟು ಹಿಂದೆಯೇ ಆಯಿತು. ಆಸ್ತಿ ತೆರಿಗೆಯೊಡನೆ ಜನರು ಗ್ರಂಥಾಲಯ ಕರವನ್ನೂ ಕೊಡುತ್ತ ಬಂದಿದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತ ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಯಿತು. ೨೦೨೦ರಲ್ಲಿ ಹಳ್ಳಿಯ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಮೊದಲಾಯಿತು. 'ಅರಿವು ಕೇಂದ್ರ' ಎಂಬ ಹೆಸರು ಪಡೆದಿರುವ ಈ ಗ್ರಂಥಾಲಯಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಪುಸ್ತಕ ಕೊಂಡು ಓದಲಾರದ ಮನೆಗೆ ಇದು ನಿಜವಾದ ಆಸರೆ. ಕರ ಕೊಟ್ಟವರು ಒಳಗೆ ಹೋಗಿ ಪುಸ್ತಕ ಕೇಳುವುದನ್ನು ಮಾತ್ರ ರೂಢಿಸಿಕೊಳ್ಳಬೇಕು. ಕೇಳುವವರಿಲ್ಲದ ಕಪಾಟಿಗೆ ಹೊಸ ಪುಸ್ತಕ ಬರುವುದು ಹೇಗೆ?

ಒಬ್ಬನ ಪುಸ್ತಕಪ್ರೀತಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲಿಯೇ ಒಂದು ಸಾಕ್ಷಿಯಿದೆ. ಪಾಂಡವಪುರದ ಬಳಿಯ 'ಪುಸ್ತಕದ ಮನೆ'ಯನ್ನು ಕಟ್ಟಿದ ಅಂಕೇಗೌಡರು ಬಸ್ಸಿನ ಕಂಡಕ್ಟರಾಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಹೆಚ್ಚಿನ ಪಾಲನ್ನು ಪುಸ್ತಕಕ್ಕೆ ಸುರಿದು ಅವರು ಕೂಡಿಹಾಕಿದ ಗ್ರಂಥರಾಶಿ ಲಕ್ಷಗಳ ಲೆಕ್ಕವನ್ನು ಮುಟ್ಟಿತು. ೨೦೨೬ರಲ್ಲಿ ಅವರಿಗೆ ಪದ್ಮಶ್ರೀ ಘೋಷಿತವಾಯಿತು. ಕೂಡಿಸಿದ್ದನ್ನು ಅವರು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಬಂದವರಿಗೆಲ್ಲ ಉಚಿತವಾಗಿ ತೆರೆದಿಟ್ಟರು. ಅಷ್ಟು ಪುಸ್ತಕಗಳನ್ನು ಒಬ್ಬರೇ ಓದಿ ಮುಗಿಸುವುದು ಸಾಧ್ಯವೇ ಎಂದು ಯಾರೂ ಕೇಳಲಾರರು. ಓದಬೇಕೆನ್ನುವವರಿಗೆ ಪುಸ್ತಕ ಇಲ್ಲವೆನಿಸಬಾರದು ಎಂಬುದೂ ಪುಸ್ತಕಪ್ರಿಯನೊಬ್ಬನ ಜೀವನದ ಗುರಿಯಾಗಬಲ್ಲದು.

ಹೀಗಿರಲು, ಉಳಿದ ಹತ್ತು ದಿನಗಳಿಗೆ ಒಂದು ಸಣ್ಣ ಹಂಚಿಕೆಯನ್ನು ಸೂಚಿಸಬಹುದು. ಹಳೆಯ ಪಟ್ಟಿಯನ್ನು ಮಡಿಸಿ ಒಳಗಿಡೋಣ. ಅದರಿಂದ ಒಂದೇ ಒಂದು ಪುಸ್ತಕವನ್ನು ಹೊರಗೆ ತೆಗೆದು, ದಿನದ ಯಾವ ತುಂಡು ಬಿಡುವಿನಲ್ಲಿ ಅದನ್ನು ಓದುವುದೆಂದು ನಿಶ್ಚಯಿಸಿಕೊಳ್ಳೋಣ. ಕುಮಾರವ್ಯಾಸನ ವಿರಾಟಪರ್ವದಲ್ಲಿರುವುದು ಹತ್ತು ಸಂಧಿಗಳು. ದಿನಕ್ಕೊಂದರಂತೆ ಹತ್ತು ದಿನಗಳಿಗೆ ಸರಿಹೋಗುತ್ತದೆ. ಕಾವ್ಯ ಬೇಡವೆನಿಸಿದವರಿಗೆ ಹತ್ತು ಸಣ್ಣಕಥೆಗಳಿವೆ. ಓದಿದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳೋಣ. ಅಧ್ಯಾಪಕರಾದವರು ಶಾಲೆ ತೆರೆದ ದಿನ 'ರಜೆಯಲ್ಲಿ ಎಷ್ಟು ಓದಿದೆ?' ಎನ್ನುವುದನ್ನು ಬಿಟ್ಟು 'ಯಾರಿಗೆ ಓದಿ ಹೇಳಿದೆ?' ಎಂದು ಕೇಳಿ ನೋಡಲಿ.

ಕನ್ನಡದಲ್ಲಿ ಹಂಚಿಕೆಯೆಂದರೆ ಉಪಾಯವೂ ಹೌದು, ಇದ್ದುದನ್ನು ನಾಲ್ವರಿಗೆ ಪಾಲು ಮಾಡುವುದೂ ಹೌದು. ಓದಿನ ವಿಷಯದಲ್ಲಿ ಈ ಎರಡು ಅರ್ಥಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಇನ್ನು ಕೆಲವೇ ದಿನಗಳಲ್ಲಿ ರೋಹಿಣಿ ಮಳೆ ಹುಟ್ಟುತ್ತದೆ. ಹೊಲಗಳಲ್ಲಿ ಕೆಲಸ ಮೊದಲಾಗುತ್ತದೆ, ಶಾಲೆಯ ಗಂಟೆ ಬಾರಿಸುತ್ತದೆ. ಅಷ್ಟರೊಳಗೆ ಒಂದು ಪುಸ್ತಕ ಮುಗಿದು, ಅದರ ಕಥೆ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಾಗಿದ್ದರೆ ಈ ಬೇಸಿಗೆಯ ಲೆಕ್ಕ ಸರಿಹೋಯಿತೆಂದೇ ತಿಳಿಯೋಣ.