ಕಸದ ಬುಟ್ಟಿ ಒಂದು ಸಾಲದು ಮೇಷ್ಟ್ರೇ, ಎರಡಿಡಿ!

ಜಗಳೂರು: ಬೆಳಿಗ್ಗೆ ಬೆಲ್ ಹೊಡೆಯುವ ಮುಂಚೆ ಶಾಲೆ ಮಕ್ಕಳು ಅಂಗಳ ಗುಡಿಸುತ್ತಾರೆ. ಗುಡಿಸಿದ್ದೆಲ್ಲ ಕಾಂಪೌಂಡಿನ ಮೂಲೆಗೆ. ಆಮೇಲೆ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಬೇವಿನ ತರಗು, ಹರಿದ ನೋಟ್‌ಬುಕ್ಕು, ಚಿಪ್ಸ್ ಕವರು ಎಲ್ಲಾ ಒಟ್ಟಿಗೆ ಉರಿದು, ಹೊಗೆ ಸೀದಾ ಒಂದನೇ ಕ್ಲಾಸಿಗೆ! ಯಾವ ಶಾಲೆ ಅಂತ ಕೇಳಬೇಡಿ. ನಿಮ್ಮೂರಿನದೂ ಇರಬಹುದು.

“ಸುಡದೆ ಇನ್ನೇನ್ ಮಾಡೋಣ್ರೀ?” ಅಂತೀರಾ? ಬಯಲಲ್ಲಿ ಕಸ ಸುಡಬಾರದು, ಹಸಿ-ಒಣ ಬೇರೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತು. ಕೆಲಸ ದೊಡ್ಡದೇನಲ್ಲ.

ಬಿಸಿಯೂಟದ ಲೆಕ್ಕ ಹಾಕಿ. ಮೊಟ್ಟೆ ಇಲ್ಲವೇ ಬಾಳೆಹಣ್ಣು ಕೊಡುವುದು 2024ರಲ್ಲಿ ವಾರಕ್ಕೆ ಆರು ದಿನವಾಯಿತು. 200 ಮಕ್ಕಳ ಶಾಲೆಯಾದರೆ ವಾರಕ್ಕೆ 1200 ಮಕ್ಕಳ ಪಾಲಿನ ಚಿಪ್ಪು, ಸಿಪ್ಪೆ! ಜೊತೆಗೆ ತರಕಾರಿ ಕತ್ತರಿಸಿ ಉಳಿದದ್ದು. ಇದು ಕಸವಲ್ಲ ಸ್ವಾಮಿ, ಗೊಬ್ಬರ. ನೆರಳಿನಲ್ಲಿ ಒಂದು ಗುಂಡಿ ತೋಡಿ. ಹಸಿಕಸ ಒಂದು ಬುಟ್ಟಿ ಸುರಿದರೆ ಮೇಲೆ ಎರಡು ಬುಟ್ಟಿ ತರಗು ಹಾಕಿ, ನೀರು ಚಿಮುಕಿಸಿ. ವಾರಕ್ಕೊಮ್ಮೆ ಮಗುಚಿದರೆ ಎರಡು-ಮೂರು ತಿಂಗಳಿಗೆ ಕಪ್ಪು ಗೊಬ್ಬರ ಕೈಗೆ ಬರುತ್ತೆ. ವಾಸನೆ ಬಂತೋ, ತರಗು ಕಮ್ಮಿಯಾಯ್ತು ಅಂತ ತಿಳಿಯಿರಿ.

ಬರ ಕಂಡ ತಾಲ್ಲೂಕು ನಮ್ಮದು. ಗೊಬ್ಬರ ಬಿದ್ದ ಮಣ್ಣು ತೇವ ಹಿಡಿದಿಡುತ್ತೆ. ಮಕ್ಕಳು ಕೈ ತೊಳೆದ ನೀರನ್ನೂ ಅದೇ ಗಿಡಕ್ಕೆ ಹರಿಸಿದರೆ ನುಗ್ಗೆ, ಕರಿಬೇವು ಸಾಂಬಾರಿಗೇ ಆಯ್ತು.

ಇನ್ನು ಒಣಕಸ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ಹೊಲಿದರೆ ರಫ್ ಬುಕ್ಕು. ನಮ್ಮ ಕಾಲದಲ್ಲಿ ಎಲ್ಲರೂ ಮಾಡಿದ್ದೇ! ಉಳಿದ ಕಾಗದ, ರಟ್ಟು, ಬಾಟಲಿ ಗುಜರಿಗೆ. ಬಂದ ಪುಡಿಗಾಸು ಎಸ್‌ಡಿಎಂಸಿ ಲೆಕ್ಕದಲ್ಲಿ ಬರೆದು ಮಕ್ಕಳ ಸ್ಲೇಟಿಗೆ ಖರ್ಚಾಗಲಿ. ಲೆಕ್ಕ ಮಾತ್ರ ಗೋಡೆ ಮೇಲೆ ಎಲ್ಲರಿಗೂ ಕಾಣಬೇಕು.

ಚಿಪ್ಸ್ ಕವರನ್ನು ಮಾತ್ರ ಗುಜರಿಯವನೂ ಮುಟ್ಟುವುದಿಲ್ಲ. ಅದು ಶಾಲೆಯೊಳಗೆ ಬರದಿದ್ದರೇ ಕ್ಷೇಮ. ಇಲ್ಲೇ ಅಂಗಡಿ ಸಾಹುಕಾರರ ಪಾತ್ರ. ಶಾಲೆ ಎದುರಿನ ಅಂಗಡಿಯಲ್ಲಿ ಹುರಿಗಡಲೆ, ಶೇಂಗಾ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ವ್ಯಾಪಾರವೂ ಆಯ್ತು, ಪುಣ್ಯವೂ ಬಂತು. ಪ್ಲಾಸ್ಟಿಕ್ ಕ್ಯಾರಿಬ್ಯಾಗು, ಲೋಟ, ಬಾವುಟಗಳಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಆಗಸ್ಟ್ 15ಕ್ಕೆ ಮಗುವಿನ ಕೈಗೆ ಕಾಗದದ ಬಾವುಟವೇ ಸಾಕು.

ಬಸ್ಸಿನ ಪ್ರಯಾಣಿಕರೇ, ನಿಮಗೂ ಒಂದು ಮಾತು. ನೀವು ಕಿಟಕಿಯಿಂದ ಎಸೆದ ಕವರು ಗಾಳಿಗೆ ಹಾರಿ ಶಾಲೆ ಬೇಲಿಗೇ ಸಿಕ್ಕಿಕೊಳ್ಳುತ್ತೆ. ಬೆಳಿಗ್ಗೆ ಅದನ್ನು ಹೆಕ್ಕುವುದು ನಿಮ್ಮ ಮಗುವೇ!